ಉಕ್ಕಿನ ಹದ ಯಾರ ಕಣ್ಣಲ್ಲಿತ್ತು?

ಕುಡುಗೋಲು ಹಿಡಿದು ಗದ್ದೆಗೆ ಇಳಿದವರಿಗೆ ಗೊತ್ತು. ಬಾಯಿ ಮೆತ್ತಗಿದ್ದರೆ ಹೊತ್ತೇರುವಷ್ಟರಲ್ಲಿ ಮಡಚಿಕೊಳ್ಳುತ್ತೆ. ತೀರಾ ಗಡುಸಾದರೆ ಕಲ್ಲಿಗೆ ತಾಗಿ ಚಕ್ಕೆ ಏಳುತ್ತೆ. ಇವೆರಡರ ನಡುವೆ ಇರೋದೇ ಹದ. ಕಮ್ಮಾರ ಅಲಗನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಅದು ಗಾಜಿನಂತೆ ಗಟ್ಟಿಯಾಗುತ್ತೆ, ಗಾಜಿನಂತೆಯೇ ಒಡೆಯುತ್ತೆ. ಆದ್ದರಿಂದ ಉಜ್ಜಿ ಹೊಳಪು ತಂದು ಮತ್ತೆ ಸಣ್ಣ ಕಾವು ಕೊಡಬೇಕು. ಒಣಹುಲ್ಲಿನ ಬಣ್ಣ ಬಂದರೆ ಸುಮಾರು 230 ಡಿಗ್ರಿ, ನೀಲಿಗೆ ತಿರುಗಿದರೆ ಸುಮಾರು 300. ಹುಲ್ಲುಬಣ್ಣಕ್ಕೆ ನಿಲ್ಲಿಸಿದರೆ ಬಾಯಿ ಬಹಳ ದಿನ ಬಾಳುತ್ತೆ, ನೀಲಿಗೆ ಬಿಟ್ಟರೆ ಬಾಗುತ್ತೆ, ಮುರಿಯೋದಿಲ್ಲ. ಥರ್ಮಾಮೀಟರು ಕಾಣದ ಕುಲುಮೆಯಲ್ಲಿ ಈ ಲೆಕ್ಕವೆಲ್ಲ ಕಣ್ಣಲ್ಲೇ ಇತ್ತು.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನನ್ನು ಕಂಪನಿ ಸರ್ಕಾರ ಮೈಸೂರು ಸೀಮೆ ಸುತ್ತಲು ಕಳಿಸಿತು. ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವುದನ್ನು ಅವನು ಬರೆದುಕೊಂಡ. ಮಣ್ಣಿನ ಮೂಸೆ, ಒಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿ ಎಲೆ. ಬಾಯಿ ಮುಚ್ಚಿ ಇದ್ದಲ ಬೆಂಕಿ. ಗಾಳಿ ಊದಲು ಚರ್ಮದ ತಿದಿ. ಆ ಚರ್ಮಕ್ಕೂ ಒಂದು ಹದ ಬೇಕು ತಾನೇ? ಅದನ್ನು ಹದ ಮಾಡಿದವರನ್ನು ಊರು ಹೊರಗೇ ಇಟ್ಟಿತ್ತು. ಅವರು ಮಾಡಿದ ತಿದಿ ಮಾತ್ರ ಒಳಗೆ ಬರಬಹುದಿತ್ತು!

ಅಷ್ಟರಲ್ಲಾಗಲೇ ಈ ಉಕ್ಕು ಲಂಡನ್ ಸೇರಿತ್ತು. 1794ರಲ್ಲಿ ಬೊಂಬಾಯಿಯ ಡಾಕ್ಟರ್ ಹೆಲೆನಸ್ ಸ್ಕಾಟ್ ಮಾದರಿ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ‘ವೂಟ್ಜ್’ ಅಂದರು. ನಮ್ಮ ‘ಉಕ್ಕು’ ಅವರ ಬಾಯಲ್ಲಿ ಹಾಗಾಯಿತು ಅಂತ ಬಹಳ ಜನ ಪಂಡಿತರು ಹೇಳುತ್ತಾರೆ. ಅಲ್ಲಿನ ಕಮ್ಮಾರರು ತಮ್ಮ ಕಬ್ಬಿಣದಂತೆ ಇದನ್ನೂ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಪುಡಿ. ಇದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು. ಅಷ್ಟು ಕಾವಿಗೆ ಕಣಗಳ ಸಂದೇ ಕರಗುತ್ತೆ; ಕೆಂಪು ಕಾವಿನಲ್ಲೇ ಬಡಿಯಬೇಕು. ಅದನ್ನು ಕಲಿತ ಸ್ಟೋಡಾರ್ಟ್ ಎಂಬ ಲಂಡನ್ ಕಸುಬುದಾರ ಇದರ ಚಾಕುವಿನ ಬಾಯಿಗೆ ಮರುಳಾದ. ಮೈಕೇಲ್ ಫ್ಯಾರಡೆ, ಅವನೂ ಕಮ್ಮಾರನ ಮಗನೇ, 1819ರಲ್ಲಿ ಪರೀಕ್ಷೆ ಮಾಡಿ ಅಲ್ಯುಮಿನಾ, ಸಿಲಿಕಾಗಳೇ ಕಾರಣ ಅಂದುಕೊಂಡ. ತಪ್ಪಿದ.

ಸ್ಕಾಟ್, ಪಿಯರ್ಸನ್, ಸ್ಟೋಡಾರ್ಟ್, ಫ್ಯಾರಡೆ: ಎಲ್ಲರ ಹೆಸರೂ ಉಳಿದಿದೆ. ಮೂಸೆ ಮುಚ್ಚಿದವನ, ತಿದಿ ಒತ್ತಿದವನ ಹೆಸರು ಯಾವ ಮೇಷ್ಟ್ರು ಪಾಠ ಮಾಡಿದ್ದಾರೆ? ಇಂಗ್ಲೆಂಡಿನ ಅಗ್ಗದ ಉಕ್ಕು ಬಂತು. 1878ರ ಅರಣ್ಯ ಕಾನೂನಿನಂಥವು ಬಂದು ಇದ್ದಲಿಗೂ ಕಾಡಿನ ಬಾಗಿಲು ಹಾಕಿದವು. ಮೂಸೆಗಳು ಆರಿದವು.

ಈಗ ಮಚ್ಚು ಮಾಡುವವರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕಾಯಿಸುತ್ತಾರೆ. ನೀರು ಕೊಡುವ ಮುಂಚೆ ನೆರಳಿಗೆ ಹಿಡಿದು ಅದರ ಬಣ್ಣ ನೋಡುತ್ತಾರೆ.