ಆರು ವರ್ಷದೊಳಗಿನ ಮಗು ಮತ್ತು ಊರ ಶಾಲೆ

ಸುರಪುರ ತಾಲ್ಲೂಕಿನ ಬೋನಾಳವನ್ನು ಹೊರಗಿನವರು ಬಲ್ಲುದು ಅದರ ಕೆರೆಯಿಂದ, ಆ ಕೆರೆಗೆ ಬಂದಿಳಿಯುವ ಹಕ್ಕಿಗಳಿಂದ. ಕೆರೆಯ ಇತಿಹಾಸದೊಡನೆ ಮೆಡೋಸ್ ಟೇಲರನ ಹೆಸರೂ ಕೂಡಿಕೊಂಡಿದೆ. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಈ ಆಂಗ್ಲ ಅಧಿಕಾರಿಯ ಹೊಣೆಗಳಲ್ಲಿ ಎಳೆಯ ದೊರೆ ವೆಂಕಟಪ್ಪನಾಯಕನ ವಿದ್ಯಾಭ್ಯಾಸವೂ ಒಂದಾಗಿತ್ತು. ಒಂದು ಮಗುವಿನ ಕಲಿಕೆ ರಾಜ್ಯದ ಕರ್ತವ್ಯವೆನಿಸಿದ್ದು ಆ ಮಗು ದೊರೆಯಾಗಿದ್ದರಿಂದ. ಉಳಿದ ಮಕ್ಕಳ ಕಲಿಕೆಯನ್ನು ಊರೇ ನೋಡಿಕೊಳ್ಳಬೇಕಾಗಿತ್ತು.

ಊರು ಅದನ್ನು ಹೇಗೆ ನೋಡಿಕೊಳ್ಳುತ್ತಿತ್ತೆಂಬುದಕ್ಕೆ ದಕ್ಷಿಣಕ್ಕಿರುವ ಬಳ್ಳಾರಿಯಿಂದ ಒಂದು ಒಳ್ಳೆಯ ದಾಖಲೆ ದೊರೆಯುತ್ತದೆ. ಅಲ್ಲಿನ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು. ಮಗು ಐದನೆಯ ವಯಸ್ಸಿಗೆ ಮಠ ಸೇರಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮುಂದುವರಿದ ಮಕ್ಕಳು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಐಗಳ ಕಣ್ಣು ಎಲ್ಲರ ಮೇಲೂ ಇರುತ್ತಿತ್ತು. ತರಗತಿಯ ವೇಗಕ್ಕೆ ಮಗುವನ್ನು ಕಟ್ಟಿಹಾಕದ ಈ ಪದ್ಧತಿಯನ್ನು ಇಂದಿನ ಶಿಕ್ಷಣತಜ್ಞರು ಹೊಸ ಹೆಸರಿನಲ್ಲಿ ಹೇಳುತ್ತಿರುವುದುಂಟು. ಆದರೆ ಅದನ್ನು ಅತಿಯಾಗಿ ಹೊಗಳುವಂತಿಲ್ಲ. 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ವರದಿಯ ಪಟ್ಟಿ ಜಾತಿ, ಭಾಷೆ, ಲಿಂಗಗಳನ್ನು ಎಣಿಸುತ್ತದೆ. ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ ಅದರಲ್ಲಿ ಒಂದು ಕಲಮೂ ಇಲ್ಲ.

ಅಂತಹ ಮಕ್ಕಳಿಗೆಂದೇ ಮೈಸೂರಿನಲ್ಲಿ ಶಾಲೆ ಆರಂಭವಾದುದು 1901ರಲ್ಲಿ. ಸುರಪುರವಾದರೋ 1860ರಲ್ಲಿಯೇ ನಿಜಾಮರ ಆಳ್ವಿಕೆಗೆ ಸೇರಿಹೋಗಿತ್ತು. ಮೈಸೂರಿನೊಡನೆ ಒಂದೇ ರಾಜ್ಯವಾಗಲು 1956ರವರೆಗೆ ಕಾಯಬೇಕಾಯಿತು. ಆ ಬಳಿಕವೂ ಸಂಸ್ಥೆಗಳು ಬೆಳೆದದ್ದು ತೆಂಕಣದಲ್ಲಿಯೇ. ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘವನ್ನು ಕಟ್ಟಿದರು. 1960ರ ದಶಕದ ನಡುವಿನಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತಲೆಯೆತ್ತಿತು. ಈ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಗುವಿನೊಡನೆ ತಾಯಿಗೂ ತರಬೇತಿ ದೊರೆಯುತ್ತದೆ. ಇದರ ಕಾರಣ ಸರಳವಾದುದು. ಕೂಸು ಮಾತನ್ನು ಕಲಿಯುವುದು ಮೊದಲ ಕೆಲವೇ ವರ್ಷಗಳಲ್ಲಿ; ಕಿವುಡು ಆರನೆಯ ವಯಸ್ಸಿನಲ್ಲಿ ಪತ್ತೆಯಾದರೆ ಆ ವರ್ಷಗಳು ಮರಳಿ ಬರುವುದಿಲ್ಲ. ಆದರೆ ಬೋನಾಳದಂತಹ ಊರಿನ ತಾಯಿಗೆ ಮೈಸೂರು ನೂರಾರು ಕಿಲೋಮೀಟರ್ ದೂರ.

ಅವಳ ಸಮೀಪಕ್ಕೆ ಬಂದದ್ದು ಅಂಗನವಾಡಿ. ಹೆಸರಿನಂತೆ ಅದು ಅಂಗಳದ ಶಾಲೆ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು 1945ರಿಂದ ಬೋರ್ಡಿಯಲ್ಲಿ, ಅನಂತರ ಕೋಸಬಾಡದಲ್ಲಿ ಬಡಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದ ಪ್ರಯೋಗದ ಫಲವಿದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲಿಗೆ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಯೋಜನೆ ಊರೂರಿಗೆ ಹಬ್ಬಿತಾದರೂ ಅದರ ಮೊದಲ ಚಿಂತೆ ಹಸಿವು, ಚುಚ್ಚುಮದ್ದು. ಹಸಿದ ಮಗುವಿಗೆ ಮೊದಲು ಅನ್ನ ನೀಡಿದ್ದು ತಪ್ಪೇನಲ್ಲ. ಆದರೆ ನಡೆಯಲಾರದ ಮಗುವಿನ ಪಾಲಿನ ಆಹಾರ ಮನೆಗೆ ಹೋದರೆ ಸಾಕೆಂದು ಭಾವಿಸಿದಲ್ಲಿ, ಮಗು ಮನೆಯಲ್ಲಿಯೇ ಉಳಿಯುತ್ತದೆ.

ಕಾನೂನು ಇಲ್ಲಿ ಒಂದು ವಿಚಿತ್ರ ಗಡಿಯನ್ನು ಎಳೆದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಡ್ಡಾಯ ಶಿಕ್ಷಣವನ್ನು ಹೇಳುವುದು ಆರರಿಂದ ಹದಿನಾಲ್ಕು ವರ್ಷದವರಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿತು, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕೆಂದು ಸ್ಪಷ್ಟವಾಗಿ ನುಡಿಯಿತು. ಆದರೂ ಅದರ ಉಚಿತ ಶಿಕ್ಷಣದ ಹಕ್ಕು ತೊಡಗುವುದು ಆರು ವರ್ಷಕ್ಕೇ. ಮೂರು ವರ್ಷ ದಾಟಿದ ಮಗುವಿನ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ಮಾಡ‘ಬಹುದು’ ಎಂದಿದೆ 2009ರ ಕಾಯ್ದೆ. ‘ಮಾಡತಕ್ಕದ್ದು’ ಎಂದಿಲ್ಲ. ಅಡಿಪಾಯದ ವರ್ಷಗಳು ಇಷ್ಟು ಸಣ್ಣ ಮಾತಿನ ಮೇಲೆ ನಿಂತಿವೆ.

ಶಿಶುವಿಹಾರ ನಡೆಸುವ ಟ್ರಸ್ಟುಗಳಿಗೆ ಈ ಸಂಗತಿ ಅನ್ಯವಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವನ್ನು ಎಣಿಸುವ ಸಮಾಜದಲ್ಲಿ, ಮೂರು ವರ್ಷದ ಕೂಸನ್ನು ಪ್ರಶ್ನೆ ಕೇಳಿ, ಉತ್ತರಿಸಲಿಲ್ಲವೆಂದು ಮರಳಿ ಕಳುಹಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸುವುದನ್ನು 2009ರ ಕಾಯ್ದೆ ನಿಷೇಧಿಸಿದೆ. ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು, ಕೂತು ಬಳಸುವ ಶೌಚಾಲಯ, ಮುಟ್ಟಿ ಕಲಿಯುವ ಮರದ ಅಕ್ಷರಗಳು, ತೀರ ಮುಂದಿನ ಸಾಲಿನಲ್ಲಿ ಒಂದು ಜಾಗ: ಇವುಗಳ ಖರ್ಚು ಒಂದು ಉತ್ಸವದ ಖರ್ಚಿಗಿಂತ ಹೆಚ್ಚಾಗಲಾರದು. ಕಷ್ಟವಿರುವುದು ಶಿಕ್ಷಕಿಯನ್ನು ಸಿದ್ಧಪಡಿಸುವುದರಲ್ಲಿ, ಉಳಿದ ಮಕ್ಕಳ ತಂದೆತಾಯಂದಿರನ್ನು ಒಪ್ಪಿಸುವುದರಲ್ಲಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಿಸಬೇಕೆಂಬ ನಿಯಮವಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿಗಳಿಗೆ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ಲಕ್ಷಣಗಳನ್ನು ಗುರುತಿಸುವುದು, ಮಗುವನ್ನು ಆಟಪಾಠಗಳಲ್ಲಿ ಸೇರಿಸಿಕೊಂಡು ಮನೆಯವರಿಗೆ ಧೈರ್ಯ ತುಂಬುವುದು, ಆಶಾ ಕಾರ್ಯಕರ್ತೆಯ ನೆರವಿನಿಂದ ಮುಂದಿನ ಚಿಕಿತ್ಸೆಗೆ ಕಳುಹಿಸುವುದು ಅದರ ಕ್ರಮ. ತಂಡ ಬಂದ ದಿನ ಮನೆಯ ಒಳಕೋಣೆಯಲ್ಲಿ ಉಳಿದ ಮಗು ತಪಾಸಣೆಯಿಂದ ತಪ್ಪಿಹೋಗುತ್ತದೆ. ಮುಂದಿನ ತಪಾಸಣೆಗೆ ಇನ್ನೂ ಆರು ತಿಂಗಳು.