ಬಿರುಗಾಳಿಯ ಜಾಡು ಮತ್ತು ಎಚ್ಚರಿಕೆಯೆಂಬ ಅಮಾನತ್

ಗಾಳಿಗಳ ಸಂಚಾರವನ್ನು ಪವಿತ್ರ ಕುರ್‌ಆನ್ ವಿವೇಕಿಗಳಿಗಿರುವ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಿದೆ. ಅದೇ ಗ್ರಂಥವು ಆದ್ ಜನಾಂಗದ ಅಂತ್ಯವನ್ನೂ ವಿವರಿಸುತ್ತದೆ. ತಮ್ಮ ಕಣಿವೆಗಳತ್ತ ಸಾಗಿ ಬರುತ್ತಿದ್ದ ಮೋಡವನ್ನು ಕಂಡು ಅವರು ಅದನ್ನು ಮಳೆ ತರುವ ಮೋಡವೆಂದೇ ಭಾವಿಸಿದರು. ಆದರೆ ಅದು 7 ರಾತ್ರಿ, 8 ಹಗಲು ಬೀಸಿ ಅವರನ್ನು ನಿರ್ನಾಮಗೊಳಿಸಿದ ಬಿರುಗಾಳಿಯಾಗಿತ್ತು. ಆಕಾಶದಲ್ಲಿ ಮೋಡ ಕವಿದಾಗ ಪ್ರವಾದಿವರ್ಯರ(ಸ) ಮುಖದಲ್ಲಿ ಕಳವಳ ಕಾಣಿಸುತ್ತಿತ್ತೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮೋಡವನ್ನು ಕಾಣುವುದು ಬೇರೆ, ಅದು ಏನನ್ನು ಹೊತ್ತು ತರುತ್ತಿದೆಯೆಂದು ಅರಿಯುವುದು ಬೇರೆ. ಬಂಗಾಳ ಕೊಲ್ಲಿಯ ಇತಿಹಾಸವು ಈ ಸತ್ಯಕ್ಕೆ ಇನ್ನೊಂದು ಪಾಠವನ್ನು ಸೇರಿಸುತ್ತದೆ. ಅರಿತದ್ದನ್ನು ಇತರರಿಗೆ ತಲುಪಿಸುವುದು ಅರಿವಿಗಿಂತಲೂ ಕಠಿಣವಾದ ಹೊಣೆಗಾರಿಕೆಯಾಗಿದೆ.

ಸಮುದ್ರದ ಗಾಳಿಯನ್ನು ಅರಿಯುವ ವಿದ್ಯೆಯಲ್ಲಿ ಮುಸ್ಲಿಮ್ ನಾವಿಕರಿಗೆ ಹಿರಿಯ ಸ್ಥಾನವಿದೆ. 15ನೇ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನು ಮಾಜಿದ್, ಹಿಂದೂ ಮಹಾಸಾಗರದ ದಾರಿಗಳನ್ನೂ ಗಾಳಿಯ ಋತುಗಳನ್ನೂ ಗ್ರಂಥಸ್ಥಗೊಳಿಸಿದರು. ಮಾನ್ಸೂನ್ ಎಂಬ ಪದವೇ ಋತು ಎಂಬರ್ಥದ ಅರಬಿಯ 'ಮೌಸಿಮ್' ಪದದಿಂದ ಬಂದಿದೆ. ಅವರ ಕಾಲದ ನಾವಿಕರು ಗಾಳಿಯ ಋತುವನ್ನು ಬಲ್ಲವರಾಗಿದ್ದರು. ಆದರೆ ಒಂದು ನಿರ್ದಿಷ್ಟ ಬಿರುಗಾಳಿ ಈಗ ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. 19ನೇ ಶತಮಾನದಲ್ಲಿ ಕಲ್ಕತ್ತಾದ ಹೆನ್ರಿ ಪಿಡಿಂಗ್ಟನ್, ಹಡಗುಗಳ ದಿನಚರಿ ಪುಸ್ತಕಗಳನ್ನು ಹೋಲಿಸಿ ನೋಡಿ ಬಿರುಗಾಳಿಗಳ ಜಾಡನ್ನು ಗುರುತಿಸಿದರು. ಸುತ್ತಿಕೊಂಡ ಹಾವನ್ನು ಸೂಚಿಸುವ ಗ್ರೀಕ್ ಪದದಿಂದ 'ಸೈಕ್ಲೋನ್' ಎಂಬ ಹೆಸರನ್ನು ಅವರು 1848ರಲ್ಲಿ ಬಳಕೆಗೆ ತಂದರು.

ಈ ವಿದ್ಯೆಯು ಬಹಳಷ್ಟು ಮುಂದುವರಿದಿದ್ದ ಕಾಲದಲ್ಲಿಯೇ ಮಹಾ ದುರಂತವೊಂದು ಸಂಭವಿಸಿತು. 1970ರ ನವೆಂಬರ್ 8ರಂದು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೊಂದು ರೂಪುಗೊಂಡು, ಬಲಗೊಳ್ಳುತ್ತಾ ಉತ್ತರಕ್ಕೆ ಸಾಗಿತು. ಹವಾಮಾನ ಉಪಗ್ರಹಗಳು ಅದರ ಚಿತ್ರಗಳನ್ನು ತೆಗೆದಿದ್ದವು. ಕಲ್ಕತ್ತಾದಿಂದ ಕುವೈತ್‌ಗೆ ಹೊರಟಿದ್ದ 'ಮಹಾಜಗಮಿತ್ರ' ಎಂಬ ಹಡಗು ಅಪಾಯದ ಸಂದೇಶ ಕಳುಹಿಸಿ, ತನ್ನಲ್ಲಿದ್ದ 50 ಮಂದಿಯೊಂದಿಗೆ ಮುಳುಗಿತು. ನವೆಂಬರ್ 12ರ ರಾತ್ರಿ ಬಿರುಗಾಳಿಯು ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪ ಮತ್ತು ಅದರ ಸುತ್ತಲಿನ ಕರಾವಳಿಗೆ ಅಪ್ಪಳಿಸಿತು. ಅದು ಪವಿತ್ರ ರಮಝಾನ್ ತಿಂಗಳ ನಡುಭಾಗ. ಹುಣ್ಣಿಮೆ ಸಮೀಪಿಸಿದ್ದರಿಂದ ಕಡಲು ಭರತದಲ್ಲಿತ್ತು. ಗಂಟೆಗೆ 185 ಕಿಲೋಮೀಟರ್ ವೇಗದ ಗಾಳಿ ಆ ನೀರನ್ನು ಗೋಡೆಯಂತೆ ಎಬ್ಬಿಸಿ ತಗ್ಗು ದ್ವೀಪಗಳ ಮೇಲೆ ಹಾಯಿಸಿತು. ಉಪವಾಸ ತೊರೆದು, ಸಹ್ರಿಗೆ ಏಳುವ ಉದ್ದೇಶದಿಂದ ಮಲಗಿದ್ದ ಅಸಂಖ್ಯ ಕುಟುಂಬಗಳು ಮತ್ತೆ ಏಳಲಿಲ್ಲ. ಮಡಿದವರ ಸಂಖ್ಯೆ 3 ಲಕ್ಷದಿಂದ 5 ಲಕ್ಷವೆಂಬ ಅಂದಾಜಿದೆ. 1,67,000 ಜನರಿದ್ದ ತಜುಮುದ್ದೀನ್ ಎಂಬ ಒಂದೇ ಪ್ರದೇಶದಲ್ಲಿ ಶೇಕಡಾ 45ರಷ್ಟು ಜನರು ಅಸುನೀಗಿದರು.

ಹಾಗಾದರೆ ಎಚ್ಚರಿಕೆ ಬಂದಿರಲಿಲ್ಲವೇ? ಬಂದಿತ್ತು. ಬಳಿಕ ನಡೆದ ಸಮೀಕ್ಷೆಯ ಪ್ರಕಾರ ಆ ಪ್ರದೇಶದ ಸುಮಾರು ಶೇಕಡಾ 90ರಷ್ಟು ಜನರು ಬಿರುಗಾಳಿಯ ಸುದ್ದಿಯನ್ನು ಕೇಳಿದ್ದರು. ಆದರೆ ಗಟ್ಟಿ ಕಟ್ಟಡಗಳಲ್ಲಿ ಆಶ್ರಯ ಪಡೆದವರು ಶೇಕಡಾ 1ರಷ್ಟು ಮಾತ್ರ. ಅದರ ಬಲವೆಷ್ಟು, ನೀರು ಎಷ್ಟು ಎತ್ತರಕ್ಕೆ ಏರೀತು, ಎಲ್ಲಿಗೆ ಹೋಗಬೇಕು ಎಂಬುದನ್ನು ಮನೆಬಾಗಿಲಿಗೆ ಬಂದು ಹೇಳುವವರಿರಲಿಲ್ಲ. ಹೋಗಲು ಸಾಕಷ್ಟು ಆಶ್ರಯ ತಾಣಗಳೂ ಇರಲಿಲ್ಲ. ಇದನ್ನು ಕೇವಲ ವಿಧಿಯೆಂದು ಕರೆದು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಬಿರುಗಾಳಿ ಅಲ್ಲಾಹನ ಆಜ್ಞೆಯಂತೆ ಬೀಸುತ್ತದೆ; ಆದರೆ ಎಚ್ಚರಿಕೆಯನ್ನು ಅರ್ಧದಾರಿಯಲ್ಲಿ ಕೈಬಿಟ್ಟವರು ಮನುಷ್ಯರು.

ಆ ದುರಂತದ ಬಳಿಕ ಎರಡು ದಿಕ್ಕುಗಳಲ್ಲಿ ಕೆಲಸ ಸಾಗಿತು. 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ಎಂಬ ಅಮೆರಿಕನ್ ವಿಜ್ಞಾನಿ, ಉಪಗ್ರಹ ಚಿತ್ರದಿಂದಲೇ ಬಿರುಗಾಳಿಯ ಬಲವನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಮೋಡದ ಪಟ್ಟಿಗಳು ಎಷ್ಟು ಸುತ್ತಿಕೊಂಡಿವೆ, ನಡುವಿನ ಕಣ್ಣು ಎಷ್ಟು ಸ್ಪಷ್ಟವಾಗಿದೆ, ಕಣ್ಣಿಗೂ ಅದರ ಸುತ್ತಲಿನ ಮೋಡಗಳಿಗೂ ತಾಪಮಾನದಲ್ಲಿ ಎಷ್ಟು ಅಂತರವಿದೆ ಎಂಬುದರ ಆಧಾರದಲ್ಲಿ ಅದಕ್ಕೆ 1ರಿಂದ 8ರವರೆಗೆ ಅಂಕ ನೀಡಲಾಗುತ್ತದೆ. ಹಡಗು ಮುಳುಗಿ ಸುದ್ದಿ ತಿಳಿಸಬೇಕಾದ ಅನಿವಾರ್ಯತೆ ತಪ್ಪಿತು.

ಇನ್ನೊಂದು ಕೆಲಸ ನಡೆದದ್ದು ನೆಲದ ಮೇಲೆ. ಸ್ವತಂತ್ರ ಬಾಂಗ್ಲಾದೇಶದಲ್ಲಿ ಸರಕಾರ ಮತ್ತು ಇಂದಿನ ರೆಡ್ ಕ್ರೆಸೆಂಟ್ ಸಂಸ್ಥೆ ಸೇರಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮವನ್ನು ಕಟ್ಟಿದವು. ಹಳ್ಳಿಯವರೇ ಆದ ಸ್ವಯಂಸೇವಕರು ರೇಡಿಯೋ ಸಂದೇಶ ಪಡೆದು, ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು ಬಾವುಟಗಳನ್ನು ಏರಿಸುತ್ತಾರೆ. ಧ್ವನಿವರ್ಧಕ ಹಿಡಿದು ಮನೆಮನೆಗೆ ನಡೆಯುತ್ತಾರೆ. ಅದಾನ್ ಮೊಳಗುವ ಮಸೀದಿಯ ಧ್ವನಿವರ್ಧಕಗಳಿಂದಲೂ ಎಚ್ಚರಿಕೆ ಸಾರಲಾಗುತ್ತದೆ. ಫಲ ಒಮ್ಮೆಲೇ ದೊರೆಯಲಿಲ್ಲ. 1991ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸುಮಾರು 1,38,000 ಜನರು ಮಡಿದರು. ಆ ಬಳಿಕ ಆಶ್ರಯ ತಾಣಗಳು ಹೆಚ್ಚಿದವು. 2007ರ ನವೆಂಬರ್ 15ರಂದು 'ಸಿದ್ರ್' ಅಪ್ಪಳಿಸಿತು. ಗಾಳಿಯ ವೇಗದಲ್ಲಿ ಅದು 1970ರ ಚಂಡಮಾರುತಕ್ಕಿಂತ ಕಡಿಮೆಯದಾಗಿರಲಿಲ್ಲ. ಆದರೆ ಲಕ್ಷಾಂತರ ಜನರು ಮೊದಲೇ ಸ್ಥಳಾಂತರಗೊಂಡಿದ್ದರು; ಮಡಿದವರು ಸುಮಾರು 3,400. ಅಷ್ಟು ಜೀವಗಳ ನಷ್ಟವೂ ದೊಡ್ಡ ದುಃಖವೇ. ಆದರೂ ಲಕ್ಷಗಳಿಂದ ಸಾವಿರಗಳಿಗೆ ಇಳಿದ ಆ ಅಂತರದಲ್ಲಿ ಬದುಕುಳಿದ ಎಷ್ಟೋ ಮನೆತನಗಳಿವೆ.

ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ) ಬೋಧನೆಯನ್ನು ನಾವೆಲ್ಲರೂ ಬಲ್ಲೆವು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಕುರ್‌ಆನ್ ಕಲಿಸುತ್ತದೆ. ಬಾವುಟ ಏರಿಸಿದ ಆ ಸ್ವಯಂಸೇವಕರು ಈ ಬೋಧನೆಯನ್ನು ಕೃತಿಗಿಳಿಸಿದರು. 2021ರ ಮೇ ತಿಂಗಳಲ್ಲಿ 'ತೌಕ್ತೆ' ಚಂಡಮಾರುತವು ನಮ್ಮ ಕರ್ನಾಟಕ ಕರಾವಳಿಯ ಬದಿಯಲ್ಲೇ ಹಾದುಹೋಯಿತು. ಮುಂದಿನದು ಎಂದು ಬರುವುದೆಂಬ ಜ್ಞಾನ ಅಲ್ಲಾಹನಿಗೆ ಮಾತ್ರ ಇದೆ. ಆದರೆ ಎಚ್ಚರಿಕೆ ಬಂದ ದಿನ ನೆರೆಮನೆಯ ವೃದ್ಧರ, ವಿಧವೆಯ, ದೋಣಿಗೆ ಹೊರಟ ಬೆಸ್ತನ ಬಾಗಿಲು ತಟ್ಟುವುದು, ಅವರು ಯಾವ ಧರ್ಮದವರೇ ಆಗಿರಲಿ, ನಮ್ಮ ಮೇಲಿರುವ ಅಮಾನತ್ ಆಗಿದೆ. ಅದನ್ನು ಪೂರೈಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.