ನಡತೆ ಎಂಬ ನಡಿಗೆ

1950ರ ಸೇನಾ ಕಾಯ್ದೆಯಲ್ಲಿ ಶಬ್ದಪ್ರಿಯರಾದ ನಾವೆಲ್ಲ ಓದಬೇಕಾದ ಒಂದು ಕಲಮು ಇದೆ, 23ನೆಯದು. ವಜಾ ಆದವನಿರಲಿ, ತೆಗೆದುಹಾಕಿಸಿಕೊಂಡವನಿರಲಿ, ಬಿಡುಗಡೆಯಾದವನಿರಲಿ, ನಿವೃತ್ತನಾದವನಿರಲಿ, ಪಡೆಯನ್ನು ಬಿಟ್ಟು ಹೊರಡುವ ಪ್ರತಿಯೊಬ್ಬ ಸಿಪಾಯಿಗೂ ಅವನ ಕಮಾಂಡಿಂಗ್ ಆಫೀಸರು ಒಂದು ಪ್ರಮಾಣಪತ್ರ ಕೊಡಬೇಕು, ಸೇವೆಯನ್ನು ಕೊನೆಗೊಳಿಸಿದವರು ಯಾರು, ಕಾರಣವೇನು, ಒಟ್ಟು ಸೇವಾವಧಿ ಎಷ್ಟು ಎಂಬ ಮೂರು ಸಂಗತಿಗಳು ಅದರಲ್ಲಿರಬೇಕು, ಮತ್ತು ಅದು ಇಂಗ್ಲಿಷಿನ ಜೊತೆಗೆ ಆ ಸಿಪಾಯಿಯ ಮಾತೃಭಾಷೆಯಲ್ಲೂ ಇರಬೇಕು ಎಂದು ಆ ಕಲಮು ವಿಧಿಸುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಹೊರಟು, ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ಕವಾಯತು ಕಲಿತು, ಗಡಿಯ ಹಿಮದಲ್ಲೂ ಮರಳಲ್ಲೂ ವರ್ಷಗಳನ್ನು ಕಳೆದು ಮರಳುವ ಹುಡುಗನಿಗೆ ಸೇನೆ ಹೇಳುವ ಕೊನೆಯ ಮಾತು ಕನ್ನಡದಲ್ಲಿ ಸಿಗಬೇಕೆಂಬುದು ಹೀಗೆ ಶಾಸನವೇ ಒಪ್ಪಿದ ಹಕ್ಕು.

ಆ ಕಲಮಿನ ಪದಗಳನ್ನು ಕನ್ನಡಕ್ಕೆ ತಂದುಕೊಂಡರೆ ಒಂದೊಂದೂ ಒಂದೊಂದು ಮನೆತನದ್ದು. ವಜಾ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಕೆಳಗಿಡುವುದು ಎಂಬರ್ಥ, ಜಮಾಖರ್ಚಿನ ಪುಸ್ತಕಕ್ಕೆ ಬಂದು ಕಳೆಯುವುದು ಎಂದಾಯಿತು (ನೆರೆಯ ಮರಾಠಿಯಲ್ಲಿ ವಜಾಬಾಕಿ ಎಂದರೆ ಇಂದಿಗೂ ಶಾಲೆಯ ಮಕ್ಕಳು ಮಾಡುವ ಕಳೆಯುವ ಲೆಕ್ಕ), ಕೊನೆಗೆ ಮನುಷ್ಯನನ್ನೇ ಪಟ್ಟಿಯಿಂದ ಕಳೆಯುವುದಕ್ಕೆ ನಿಂತಿತು. ನಿವೃತ್ತಿ ಸಂಸ್ಕೃತದ ವೃತ್ ಧಾತುವಿನದು, ಹಿಂದಿರುಗುವುದು. ಮಹಾಭಾರತದಲ್ಲಿ ರಣದಿಂದ ಬೆನ್ನು ತಿರುಗಿಸದ ವೀರನಿಗೆ ಅನಿವರ್ತಿ ಎಂಬ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ಅದೇ ಧಾತು, ಅದೇ ಉಪಸರ್ಗ, ಒಂದು ನಕಾರದಷ್ಟೇ ಅಂತರ. ಇನ್ನು ಬಿಡುಗಡೆ ಅಚ್ಚಗನ್ನಡದ ‘ಬಿಡು’ವಿನ ಕೂಸು, ಆ ಬಿಡುವೇ ಮೊದಲಕ್ಷರವನ್ನು ಎಳೆದುಕೊಂಡು ಬೀಡು ಆದದ್ದು, ಅಂದರೆ ದಂಡು ಇಳಿದುಕೊಂಡ ಠಾಣ್ಯ, ನೆಲೆವೀಡು. ತಮಿಳಿನಲ್ಲಿ ಇದರ ಅವಳಿಯಾದ ‘ವೀಡು’ ಮನೆಯೂ ಹೌದು, ಮೋಕ್ಷವೂ ಹೌದು. ಸೈನಿಕನ ಪಾಳೆಯಕ್ಕೂ ಅವನು ಪಾಳೆಯದಿಂದ ಬಿಡುವುದಕ್ಕೂ ಅವನು ಹೋಗಿ ಸೇರುವ ಮನೆಗೂ ದ್ರಾವಿಡ ನುಡಿಗಳು ಒಂದೇ ಬೇರಿನಿಂದ ಹೆಸರಿಟ್ಟವು ಎಂಬುದು ಎಷ್ಟು ಸಲ ನೆನೆದರೂ ಹಳತಾಗದ ಸಂತೋಷ.

ಆದರೆ ಊರಿಗೆ ಮರಳಿದವನ ಬದುಕನ್ನು ತೂಗುವ ಪದ ಈ ನಾಲ್ಕರಲ್ಲಿ ಇಲ್ಲ. ಅದು ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುತ್ತದೆ. ‘ಕ್ಯಾರೆಕ್ಟರ್’ ಎಂದು ಒಂದು ಸಾಲು, ಅದರೆದುರು ಎಕ್ಸಂಪ್ಲರಿ, ವೆರಿ ಗುಡ್, ಗುಡ್, ಫೇರ್ ಎಂದು ಇಳಿಯುತ್ತ ಹೋಗುವ ಮೆಟ್ಟಿಲುಗಳಲ್ಲಿ ಯಾವುದೋ ಒಂದು. ಕನ್ನಡದಲ್ಲಿ ಆ ಸಾಲಿಗೆ ನಾವು ಇಡುವ ಹೆಸರು ನಡತೆ. ಶಾಲೆಯ ವರ್ಗಾವಣೆ ಪತ್ರದಲ್ಲಿ ‘ವಿದ್ಯಾರ್ಥಿಯ ನಡತೆ’ ಎಂದು ಎಳೆವಯಸ್ಸಿನಲ್ಲೇ ನಮ್ಮ ಪಾಲಿಗೆ ಬರುವ, ಸೆರೆಮನೆಯಿಂದ ‘ಸನ್ನಡತೆಯ ಆಧಾರದ ಮೇಲೆ’ ಕೈದಿಗಳನ್ನು ಹೊರಗೆ ಕರೆತರುವ, ಇಲಾಖಾ ವಿಚಾರಣೆಗಳಲ್ಲಿ ‘ದುರ್ನಡತೆ’ಯಾಗಿ ನೌಕರರ ಅನ್ನ ಕಸಿಯುವ ಪದ ಅದೇ.

ನಡೆ ಎಂಬ ಕ್ರಿಯಾಧಾತುವಿಗೆ ‘ತೆ’ ಸೇರಿ ನಡತೆ. ಈ ತೆಕಾರದ ಬಗ್ಗೆ ಎರಡು ಮಾತು ಆಡದೆ ಮುಂದೆ ಹೋಗಲಾಗದು, ಏಕೆಂದರೆ ಸಭ್ಯತೆ, ಶೂರತೆ, ಮಾನ್ಯತೆಗಳ ಸಾಲಿನಲ್ಲಿ ನಡತೆಯನ್ನೂ ನಿಲ್ಲಿಸಿಬಿಡುವುದು ಸುಲಭ. ಅವುಗಳ ‘ತೆ’ ಸಂಸ್ಕೃತದ ‘ತಾ’. ಗುಣವಾಚಕಕ್ಕೆ ಹತ್ತಿ ಗುಣದ ಹೆಸರನ್ನು ಮಾಡುತ್ತದೆ, ಸಭ್ಯನಲ್ಲಿ ಇರುವುದು ಸಭ್ಯತೆ. ನಡತೆಯ ‘ತೆ’ ದೇಸಿಯದು. ಅಳೆಯಿಂದ ಅಳತೆ, ಕೊರೆಯಿಂದ ಕೊರತೆ ಆದಂತೆ ಕ್ರಿಯೆಗೆ ಹತ್ತಿ, ಆ ಕ್ರಿಯೆ ನಡೆದ ಬಗೆಯನ್ನೇ ನಾಮವಾಗಿಸುತ್ತದೆ, ವೈಯಾಕರಣರ ಭಾಷೆಯಲ್ಲಿ ಕೃದಂತ ಭಾವನಾಮ. ಎಂದಮೇಲೆ ನಡತೆ ಮನುಷ್ಯನೊಳಗೆ ಕೂತಿರುವ ಗುಣವಲ್ಲ, ಅವನು ನಡೆದ ದಾರಿಯುದ್ದಕ್ಕೂ ಹರಡಿದ ಕೆಲಸ. ಈ ಸಣ್ಣ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗೋಣ.

ಒಡಹುಟ್ಟಿದ ಭಾಷೆಗಳೂ ಇದೇ ದಾರಿಯವು. ತಮಿಳಿನ ನಡತ್ತೈ, ಮಲಯಾಳದ ನಡತ್ತ, ತೆಲುಗಿನ ನಡತ, ನಡವಡಿ, ಎಲ್ಲವೂ ಹೆಜ್ಜೆಯಿಂದ ಹೊರಟು ಆಚಾರಕ್ಕೆ ಬಂದು ನಿಂತಿವೆ. ಹಳಗನ್ನಡದಲ್ಲಿ ನಡೆ ಎಂಬುದು ಕಾಲಿನ ಕೆಲಸವಾಗಿರುವಂತೆಯೇ ಪಡೆಯ ಕೆಲಸವೂ ಆಗಿದೆ, ಅರಸನು ಶತ್ರುವಿನ ಮೇಲೆ ‘ನಡೆದನು’ ಎಂದರೆ ದಂಡೆತ್ತಿ ಹೋದನೆಂದೇ ಅರ್ಥ. ನಡಪು ಎಂದರೆ ನಡೆಯುವಂತೆ ಮಾಡು, ಅದರಿಂದ ಸಾಕು, ಸಲಹು. ಮುಂದೆ ಪಕಾರವು ಹಕಾರವಾಗಿ ನಡಹು. ದತ್ತಿಶಾಸನಗಳಲ್ಲಿ ಧರ್ಮವನ್ನು ನಡೆಸುವವರು, ಅಂದರೆ ಕೊಟ್ಟದ್ದು ನಿಲ್ಲದಂತೆ ನೋಡಿಕೊಳ್ಳುವವರು. ನಡವಳಿ, ನಡವಳಿಕೆ ವ್ಯಕ್ತಿಯ ವರ್ತನೆಗೆ ನಿಂತರೆ ನಡಾವಳಿ ಸಭೆಯ, ಕೋರ್ಟು ಕಚೇರಿಯ ಕಲಾಪಕ್ಕೆ ನಿಂತಿತು. ಸಿಪಾಯಿಯ ನಡತೆಯನ್ನು ಅಳೆಯುವ ವಿಚಾರಣೆಯ ಬರಹಕ್ಕೂ ನಡಾವಳಿ ಎನ್ನುವಾಗ ಅಕ್ಕತಂಗಿಯರಂಥ ಎರಡು ಪದಗಳು ಒಂದರ ಬಗ್ಗೆ ಒಂದು ಸಾಕ್ಷಿ ಹೇಳುತ್ತವೆ.

ನಡೆಯನ್ನು ನುಡಿಯೊಡನೆ ಜೋಡಿಸಿ, ಇವೆರಡರ ನಡುವೆ ಬಿರುಕಿರಬಾರದೆಂದು ಹಟ ಹಿಡಿದವರು ಶರಣರು. ಬಸವನ ಬಾಗೇವಾಡಿ ಇದೇ ವಿಜಯಪುರ ಜಿಲ್ಲೆಯದು. ಶರಣರ ವಚನಗಳ ತಾಳೆಗರಿಗಳನ್ನು ಮನೆಮನೆ ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದವರು. ಒಂದು ಕೈಯಲ್ಲಿ ಕೋರ್ಟಿನ ನಡಾವಳಿ, ಇನ್ನೊಂದರಲ್ಲಿ ಶರಣರ ನಡೆನುಡಿ ಹಿಡಿದ ಆ ಹಿರಿಯರನ್ನು ಈ ಪದದ ಚರ್ಚೆಯಲ್ಲಿ ನೆನೆಯದಿರುವುದು ನನಗೆ ಸಾಧ್ಯವಿಲ್ಲ.

ವಿಜಯಪುರದ ಆಡುಮಾತಿನಲ್ಲಿ ಇದು ನಡತಿ. ‘ಹುಡುಗನ ನಡತಿ ಚಲೋ ಐತಿ’ ಎಂದರೆ ಹೆಣ್ಣು ಕೊಡುವವರು ಮುಂದಿನ ಮಾತಿಗೆ ಕೂರುತ್ತಾರೆ. ‘ನಡೀತೈತಿ’ ಎಂದರೆ ಪರವಾಗಿಲ್ಲ, ಒಪ್ಪಿಗೆ. ‘ಇದು ನಡಿಯಂಗಿಲ್ಲ’ ಎಂದರೆ ಇದನ್ನು ಸಹಿಸಲಾಗದು. ಬಬಲೇಶ್ವರದ ಕಡೆ ‘ಅವರು ಆ ಮಠಕ್ಕ ನಡಕೊಳ್ಳೋ ಮಂದಿ’ ಎಂದರೆ ತಲೆಮಾರುಗಳಿಂದ ಆ ಗದ್ದುಗೆಗೆ ಭಕ್ತಿಯಿಂದ ಬಾಳುವ ಮನೆತನ. ಒಂದು ದಿನದ ದರ್ಶನಕ್ಕೆ ಯಾರೂ ‘ನಡಕೊಂಡರು’ ಎನ್ನುವುದಿಲ್ಲ. ಕಾಲದ ಉದ್ದ ಈ ಪದದೊಳಗೇ ಇದೆ.

ಸಂಸ್ಕೃತದ ಚಾರಿತ್ರ್ಯವೂ ಕಾಲಿನಿಂದಲೇ ಬಂದದ್ದು, ಮತ್ತು ಅಲ್ಲಿ ಒಂದು ಯುದ್ಧದ ಕತೆಯಿದೆ. ಚರ್ ಎಂದರೆ ಚಲಿಸು. ಚರಿತ್ರ ಎಂದರೆ ಚಲಿಸುವ ಸಾಧನ, ವೇದದಲ್ಲಿ ಕಾಲು ಎಂಬುದೇ ನೇರ ಅರ್ಥ. ಋಗ್ವೇದದ ಮೊದಲ ಮಂಡಲದಲ್ಲಿ ಖೇಲ ಎಂಬವನ ಕಡೆಯ ವಿಶ್ಪಲೆ ಎಂಬಾಕೆ ಕಾಳಗದ ರಾತ್ರಿ ತನ್ನ ‘ಚರಿತ್ರ’ವನ್ನು ಕಳೆದುಕೊಳ್ಳುತ್ತಾಳೆ, ಅಶ್ವಿನೀದೇವತೆಗಳು ಆಕೆಗೆ ಲೋಹದ ಕಾಲನ್ನು ಜೋಡಿಸಿ ಮತ್ತೆ ನಡೆಯುವಂತೆ ಮಾಡುತ್ತಾರೆ. ರಣದಲ್ಲಿ ಚರಿತ್ರ ಮುರಿದವಳಿಗೆ ಚರಿತ್ರವನ್ನು ಮರಳಿ ಕೊಟ್ಟ ಈ ಪ್ರಸಂಗಕ್ಕಿಂತ ಹಳೆಯ ಪ್ರಸಂಗ ನಮ್ಮ ವಿಷಯಕ್ಕೆ ಸಿಗಲಾರದು. ಆಮೇಲೆ ಚರಿತ, ಚರಿತ್ರೆ, ಚಾರಿತ್ರ್ಯ ಎಂದು ಕವಲೊಡೆದು ಒಂದು ಬಾಳಿನ ಕತೆಯಾಯಿತು, ಒಂದು ನಾಡಿನ ಕತೆಯಾಯಿತು, ಒಂದು ಶೀಲವಾಯಿತು. ಹಿಂದಿಯ ಚಾಲ್‌ಚಲನ್ ಕೂಡ ಚಲಿಸುವುದರಿಂದಲೇ ಹುಟ್ಟಿದ್ದು.

ಇಂಗ್ಲಿಷಿನ ಕ್ಯಾರೆಕ್ಟರ್ ಬೇರೆ ದಾರಿ ಹಿಡಿದು ಬಂದದ್ದು. ಅದರ ಗ್ರೀಕ್ ಮೂಲಕ್ಕೆ ಕೆತ್ತಿದ ಗುರುತು, ನಾಣ್ಯದ ಮೇಲೆ ಒತ್ತಿದ ಮುದ್ರೆ ಎಂದರ್ಥ. ಅದು ಒಮ್ಮೆ ಒತ್ತಿದರೆ ಮುಗಿಯಿತು. ನಮ್ಮ ನೆಲಕ್ಕೂ ಅಂಥ ಪದಗಳು ದಂಡಿನ ಹಿಂದೆಯೇ ಬಂದಿವೆ. ಅಲಾವುದ್ದೀನ್ ಖಿಲ್ಜಿ ತಂದು ಅಕ್ಬರ್ ಗಟ್ಟಿಗೊಳಿಸಿದ ಪದ್ಧತಿಯಲ್ಲಿ ಕುದುರೆಗೆ ‘ದಾಗ್’, ಅಂದರೆ ಕಾಯಿಸಿ ಒತ್ತಿದ ಬರೆ, ಸವಾರನಿಗೆ ‘ಚೆಹರಾ’, ಅಂದರೆ ಮುಖಲಕ್ಷಣದ ಪಟ್ಟಿ. 1686ರಲ್ಲಿ ಔರಂಗಜೇಬನ ದಂಡು ಆದಿಲಶಾಹಿ ರಾಜಧಾನಿಯನ್ನು ಗೆದ್ದುಕೊಂಡಿತು, ಆ ಪದ್ಧತಿಯ ದಂಡೇ ವಿಜಯಪುರಕ್ಕೆ ಬಂತು. ಪೊಲೀಸರ ಪ್ರಕಟಣೆಯಲ್ಲಿ ಕಾಣೆಯಾದವರ ‘ಚಹರೆ’ ಇಂದಿಗೂ ಓದುತ್ತೇವೆ, ಅಂಗಿಗೆ ಹತ್ತಿದ ‘ಡಾಗ’ ತೊಳೆಯುತ್ತೇವೆ, ‘ಹೆಸರಿಗೆ ಡಾಗ ಹತ್ತಿತು’ ಎಂದು ಕೊರಗುತ್ತೇವೆ.

ಸಿಪಾಯಿಯ ಕಂಡಕ್ಟ್ ಶೀಟಿನಲ್ಲಿ ಡಾಗಕ್ಕೆ ಬಣ್ಣವೂ ಇದೆ. ಕೆಲವು ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲಿ ನಮೂದಿಸುತ್ತಾರೆ, ರೆಡ್ ಇಂಕ್ ಎಂಟ್ರಿ ಎಂದೇ ಪಡೆಯ ಮಾತು. ಇಂಥ ನಾಲ್ಕು ನಮೂದುಗಳಾದರೆ 1954ರ ಸೇನಾ ನಿಯಮಗಳ 13ನೆಯ ನಿಯಮದಡಿ ‘ಅನಪೇಕ್ಷಿತ’ನೆಂದು ಮನೆಗೆ ಕಳಿಸುವ ರೂಢಿ ಬೆಳೆಯಿತು. ಪಿಂಚಣಿಗೆ 15 ವರ್ಷದ ಸೇವೆ ಬೇಕು, ಹನ್ನೆರಡು ಹದಿಮೂರನೆಯ ವರ್ಷಕ್ಕೆ ಹೀಗೆ ಹೊರಬಿದ್ದವನಿಗೆ ಅದು ತಪ್ಪುತ್ತದೆ. ದುರ್ನಡತೆ ಅಥವಾ ಅದಕ್ಷತೆಯ ಕಾರಣಕ್ಕೆ ಬಿಡುಗಡೆಯಾದವನು ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆಯ ಒಳಗೂ ಬರುವುದಿಲ್ಲ, ಆದ್ದರಿಂದ ಸರಕಾರಿ ನೌಕರಿಯ ಮೀಸಲಾತಿ ಇಲ್ಲ. ತನ್ನೂರಿನ ಕಟ್ಟೆಯ ಮೇಲೆ ‘ಮಿಲ್ಟ್ರಿಯವ’ ಎಂದು ಕರೆಸಿಕೊಳ್ಳುವವನಿಗೆ ಕಾಗದದ ಮೇಲೆ ಆ ಹೆಸರೇ ಇಲ್ಲದಂತಾಗುತ್ತದೆ.

2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ವೀರೇಂದ್ರ ಕುಮಾರ್ ದುಬೆ ಎಂಬ ಸಿಪಾಯಿಯ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನಾನು ಕಾನೂನಿಗಾಗಿ ಎಷ್ಟೋ ಅಷ್ಟೇ ಶಬ್ದಾರ್ಥಕ್ಕಾಗಿಯೂ ಓದುತ್ತೇನೆ. ನಾಲ್ಕು ಕೆಂಪು ನಮೂದುಗಳು ಇದ್ದ ಮಾತ್ರಕ್ಕೆ ಬಿಡುಗಡೆ ಕಡ್ಡಾಯವಲ್ಲ, 1988ರ ಡಿಸೆಂಬರ್ 28ರ ಸೇನಾ ಪ್ರಧಾನ ಕಚೇರಿಯ ಸುತ್ತೋಲೆಯೇ ಹೇಳಿದಂತೆ ಮೊದಲು ವಿಚಾರಣೆ ನಡೆಯಬೇಕು, ಅಪರಾಧಗಳ ಸ್ವರೂಪ ಎಂಥದ್ದು, ಎಷ್ಟು ವರ್ಷ ಸೇವೆ ಮಾಡಿದ್ದಾನೆ, ಎಂಥ ಕಠಿಣ ಸ್ಥಳಗಳಲ್ಲಿ ಇದ್ದ ಎಂಬುದನ್ನೆಲ್ಲ ತೂಗಬೇಕು ಎಂದಿತು ನ್ಯಾಯಾಲಯ. ಆ ಸಿಪಾಯಿಯನ್ನು ಪಿಂಚಣಿಯ ಅರ್ಹತೆ ಮುಟ್ಟುವವರೆಗೆ ಸೇವೆಯಲ್ಲಿದ್ದಂತೆ ಭಾವಿಸಬೇಕೆಂದೂ ಆದೇಶಿಸಿತು. ಕೆತ್ತಿದ ಗುರುತುಗಳನ್ನು ಎಣಿಸುವುದು ಕ್ಯಾರೆಕ್ಟರ್, ನಡೆದ ದಾರಿಯನ್ನು ಉದ್ದಕ್ಕೂ ನೋಡುವುದು ನಡತೆ. ನ್ಯಾಯಾಲಯ ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಅದು ಕೇಳಿದ್ದು ಕನ್ನಡದ ಪದ ಕೇಳುವುದನ್ನೇ ಎಂದು ನನ್ನ ದೃಢವಾದ ನಂಬಿಕೆ.

ಇನ್ನು ಬರೆದದ್ದನ್ನು ಬದಲಿಸುವ ಮಾತು. ಅಮೆರಿಕದ ಸೇನೆಗಳಲ್ಲಿ ಬಿಡುಗಡೆಗೆ ಗೌರವದ್ದು, ಸಾಮಾನ್ಯದ್ದು, ಗೌರವಕ್ಕೆ ಹೊರತಾದದ್ದು, ದುರ್ನಡತೆಯದು, ಅಗೌರವದ್ದು ಎಂಬ ದರ್ಜೆಗಳಿವೆ. ಅದನ್ನು ಮೇಲೇರಿಸಿಕೊಳ್ಳಲು 1944ರ ಕಾಯ್ದೆಯಿಂದ ಬಂದ ಮರುಪರಿಶೀಲನಾ ಮಂಡಳಿಗಳಿಗೆ 15 ವರ್ಷದೊಳಗೆ ಅರ್ಜಿ ಹಾಕಬಹುದು. ಅಲ್ಲಿಯ ಆಡುಮಾತಿನ ‘ಅಪ್‌ಗ್ರೇಡ್’ ಮೆಟ್ಟಿಲೇರುವ ರೂಪಕ. 1946ರ ಕಾಯ್ದೆಯಿಂದ ಬಂದ ಇನ್ನೊಂದು ಬಗೆಯ ಮಂಡಳಿಯ ಹೆಸರಿನಲ್ಲಿ ಮಾತ್ರ ದಾಖಲೆಗಳನ್ನು ತಿದ್ದುವುದು ಎಂದೇ ಇದೆ, ಅದು ನಮ್ಮ ಕಿವಿಗೆ ಹತ್ತಿರ. ತಿದ್ದು ಎಂದರೆ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುವುದು, ಕರಡು ತಿದ್ದುವುದು, ಮೀಸೆ ತಿದ್ದುವುದು, ಮಕ್ಕಳನ್ನು ತಿದ್ದುವುದು. ಎಕ್ಸಂಪ್ಲರಿಗೆ ಕನ್ನಡದಲ್ಲಿ ನಾನು ಬಯಸುವ ಪದವೂ ಅದೇ ಪಾಠಶಾಲೆಯದು, ಮೇಲ್ಪಂಕ್ತಿ, ಕೆಳಗಿನವರು ನೋಡಿ ಬರೆಯಲೆಂದು ಮೇಲೆ ಹಾಕಿಕೊಟ್ಟ ಸಾಲು.

‘ನಡತಿ ತಿದ್ದಿಕೋ’ ಎಂದು ಹಿರಿಯರು ಹೇಳುವಾಗ ತಿದ್ದಬೇಕಾದವನು ಮನುಷ್ಯ. ಸಿಪಾಯಿ ಅರ್ಜಿ ಬರೆದು ನಡತೆಯನ್ನು ತಿದ್ದಿಕೊಡಿ ಎಂದು ಬೇಡುವಾಗ ತಿದ್ದಬೇಕಾದದ್ದು ಪುಸ್ತಕ, ತಾನು ನಡೆದದ್ದು ಒಂದು, ಅಲ್ಲಿ ಬರೆದದ್ದು ಇನ್ನೊಂದು ಎಂಬುದು ಅವನ ವಾದ. ಅದನ್ನು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕದವರಿಗೆ ಅದರ ಪೀಠ ಕೇರಳದ ಕೊಚ್ಚಿಯಲ್ಲಿದೆ, ತಿಕೋಟಾದಿಂದ ಬಹಳ ದೂರ. ಅಂತಿಮ ಆದೇಶದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಗಡುವು ಮೀರಿದವರು ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಅದನ್ನು ಮನ್ನಿಸಿ ಅರ್ಜಿ ಸ್ವೀಕರಿಸುವ ಅಧಿಕಾರ ಆ ಮಂಡಳಿಗೆ ಇದೆ.